ಪುಟ್ಟತಾಯಮ್ಮನವರ ಹೊಸ್ತಿಲು

9.6.1998, ಮಂಗಳವಾರ. ಚಿನಕುರಳಿ
ಬೆಳಿಗ್ಗೆ ಅದೇ ಕತೆ. ನಾನೇ ಜಡೆ ಹಾಕಿಕೊಂಡೆ, ಅವ್ವ ಬಿಚ್ಚಿ ಮತ್ತೆ ಹಾಕಿದಳು. ಆಮೇಲೆ ಬೆಂಗಳೂರು. ಅಂಗವಿಕಲರ ಸ್ವತಂತ್ರ ಬದುಕಿಗೆ ರಾಜ್ಯ ಸಲಹಾ ಸಮಿತಿ — ಅದಕ್ಕೆ ನಾನೂ ಒಬ್ಬ ಮೆಂಬರು. ಅಧ್ಯಕ್ಷರು ನನ್ನನ್ನು ಕೇಳಿದರು, "ನೀವು ಒಬ್ಬರೇ ಇರೋಕೆ ಏನೇನು ಬೇಕಮ್ಮ?" ಹಿಂದೆ ಕೂತಿದ್ದ ಅವ್ವ ಎದ್ದಳು. "ಅವಳ ಕೈಲಾಗಕ್ಕಿಲ್ಲ ಸ್ವಾಮಿ. ನಾನಿವ್ನಿ." ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿ. "ಮುಂದಿನ ಮೀಟಿಂಗಿಗೆ ಬೇರೆ ಮನೆಯಿಂದ ಬರ್ತೀನಿ ಸಾರ್" ಅಂದುಬಿಟ್ಟೆ.

ಬಸ್ಸಿನಲ್ಲಿ ಅವ್ವ ಕಡಲೆಕಾಯಿ ಸುಲಿದು ಸುಲಿದು ನನ್ನ ಕೈಗೆ ಹಾಕುತ್ತಿದ್ದಳು. ಪೋಲಿಯೋ ಬಂದದ್ದು ಕಾಲಿಗೆ, ಕೈಗಲ್ಲ.

26.6, ಶುಕ್ರವಾರ
ಶ್ರೀರಂಗಪಟ್ಟಣದಲ್ಲಿ ನನ್ನ ಎಸ್‌ಟಿಡಿ ಬೂತಿನ ಹಿಂದಿನ ಬೀದಿಯಲ್ಲೇ ಮನೆ ಖಾಲಿ. ಸಿಕ್ಕರೆ, ಅವ್ವ ದಿನಾ ನನ್ನನ್ನು ಬಸ್ಸಿಗೆ ಎತ್ತಿ ಹತ್ತಿಸುವುದು ತಪ್ಪುತ್ತೆ. ಆದರೆ ಗೇಣೆತ್ತರದ ಹೊಸ್ತಿಲು. ವ್ಹೀಲ್‌ಚೇರು ದಾಟಲ್ಲ. ಕುಯ್ಸೋಣ ಅಂದೆ. ಮನೆಯೊಡತಿ ಪುಟ್ಟತಾಯಮ್ಮ ಕೆನ್ನೆ ಬಡಿದುಕೊಂಡರು. "ಲಕ್ಷ್ಮಿ ಇರೋ ಜಾಗ ಕಣವ್ವ. ಅದ್ಕೆ ಗರಗಸ ಹಾಕ್ಸಿಯಾ?"

ಸಮಿತಿಯಲ್ಲಿ ಆಫೀಸು, ಬಸ್‌ಸ್ಟ್ಯಾಂಡು ಎಲ್ಲಕ್ಕೂ ಇಳಿಜಾರು ಕೇಳಿದ್ದೆವು. ಮನೆ ಹೊಸ್ತಿಲು ಯಾರಿಗೂ ನೆನಪಾಗಲಿಲ್ಲ, ನನಗೂ.

ಅವ್ವನಿಗೆ ಹೇಳಿದೆ. "ಬುಡು ಮಗ, ದೇವ್ರೇ ಬ್ಯಾಡ ಅಂದವ್ನೆ." ಖುಷಿ ಮುಚ್ಚಿಡಲು ಬರಲಿಲ್ಲ ಅವಳಿಗೆ. ಅವಳೆದುರಿಗೇ ಅತ್ತುಬಿಟ್ಟೆ...

5.7, ಭಾನುವಾರ
ಅವ್ವ ಬೆಳಿಗ್ಗೆಯಿಂದ ಕಾಣೆ. ಹೇಳದೆ ಹೋಗುವವಳಲ್ಲ. ಸಂಜೆ ಬಂದಳು, ಸೀರೆಯೆಲ್ಲ ಕೆಮ್ಮಣ್ಣು. ಪುಟ್ಟತಾಯಮ್ಮನವರನ್ನು ಒಪ್ಪಿಸಿ, ಹೊಸ್ತಿಲ ಎರಡೂ ಕಡೆ ಮಣ್ಣು ತುಂಬಿ, ಬಡಿದು, ಇಳಿಜಾರು ಮಾಡಿ ಸಗಣಿ ಸಾರಿಸಿ ಬಂದಿದ್ದಾಳೆ. ಮೇಲಿನ ಅಂಚು ಮಾತ್ರ ಬಿಟ್ಟಿದ್ದಾಳಂತೆ, ಅರಿಶಿನ ಕುಂಕುಮ ಇಡೋಕೆ.

"ಲಕ್ಷ್ಮಿ ಅಲ್ಲೇ ಅವಳೆ. ನೀನೂ ಓಗು" ಅಂದಳು. ಅವಳ ಮಡಿಲಿಗೆ ತಲೆಯಿಟ್ಟೆ. ಹೋಗಲು ಮನಸ್ಸೇ ಇಲ್ಲ ಅನ್ನಿಸಿತು, ಒಂದು ಗಳಿಗೆ.

17.7, ಶುಕ್ರವಾರ. ಶ್ರೀರಂಗಪಟ್ಟಣ, ಸಂಜೆ
ಹೊಸ ಮನೆಗೆ ಬಂದು ವಾರವಾಯಿತು, ಒಬ್ಬಳೇ ಇದ್ದೇನೆ. ಮುದ್ದೆ ಇವತ್ತೂ ಗಂಟು ಗಂಟು. ನಾನೇ ಮಾಡಿದ್ದು, ನಾನೇ ತಿಂದೆ.

ಈಗಷ್ಟೇ ಅವ್ವ ಬಂದಳು, ಸೊಪ್ಪಿನ ಚೀಲ ಹಿಡಿದು. ಬಾಗಿಲು ತೆಗೆದೇ ಇತ್ತು. ಊರಲ್ಲಿ ನಾನು ಸ್ನಾನ ಮಾಡುವಾಗಲೂ ಸೀದಾ ನುಗ್ಗುತ್ತಿದ್ದವಳು ಆಚೆಯೇ ನಿಂತು ಕೇಳಿದಳು, "ಒಳೀಕ್ ಬರ್ಲಾ ಮಗ?"

ನನ್ನನ್ನು ಯಾರೂ ಹೀಗೆ ಕೇಳಿರಲಿಲ್ಲ. ನನಗೆ ಅಂತ ಒಂದು ಬಾಗಿಲೇ ಇರಲಿಲ್ಲವಲ್ಲ. ಬಾರವ್ವ ಅಂದೆ.

ಈಗ ಒಲೆ ಮುಂದೆ ಕೂತಿದ್ದಾಳೆ. ಉಪ್ಪಿನ ಡಬ್ಬ ಎಲ್ಲಿಟ್ಟಿದ್ದೀಯೆ ಅಂತ ನನ್ನನ್ನೇ ಕೇಳುತ್ತಿದ್ದಾಳೆ. ಹೋಗಿ ತೋರಿಸಬೇಕು.