ಪರೀಕ್ಷಕರನ್ನು ಹೊರಗೆ ಹಾಕಿದ ಸಂಗತಿ

ಹಾಸ್ಟೆಲು, ಮೂರನೇ ಮಹಡಿ
ಸೆಪ್ಟೆಂಬರ್ ೭, ಭಾನುವಾರ ಬೆಳಿಗ್ಗೆ

ನನ್ನ ಗುಂಡಮ್ಮನಿಗೆ ಅಮ್ಮನ ಮುದ್ದು, ಆಶೀರ್ವಾದ, ಮತ್ತು ಮುಂದೆ ಬರೆಯುವುದಕ್ಕೆಲ್ಲ ಮುಂಗಡವಾಗಿ ಒಂದು ಕ್ಷಮೆ.

ನಾನು ಕ್ಷೇಮ. ನೀನೂ ನಿನ್ನ ಹೊಟ್ಟೆಯೊಳಗಿನ ಬಾಡಿಗೆದಾರರೂ ಕ್ಷೇಮವೆಂದು ನಂಬಿದ್ದೇನೆ. ದಿನಾ ಫೋನಿನಲ್ಲಿ ಮಾತಾಡುವವಳು ಕಾಗದ ಯಾಕೆ ಬರೆದಳು ಅಂತ ಹುಬ್ಬೇರಿಸಬೇಡ. ಫೋನಿನಲ್ಲಿ ಆಡಿದ ಮಾತು ನಿನಗೊಬ್ಬಳಿಗೇ ಎಲ್ಲಿ ಉಳಿಯುತ್ತದೆ? ನಿಮ್ಮಪ್ಪ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಟ್ಟುಬಿಡುತ್ತಾರೆ. ಮೂವತ್ತು ವರ್ಷ ಬಸ್ಸಿನಲ್ಲಿ ಟಿಕೆಟ್ ಟಿಕೆಟ್ ಅಂತ ಕೂಗಿದ ಗಂಟಲು. ನಾನು ಇಲ್ಲಿ ಸೀನಿದರೆ ಅಲ್ಲಿ ಮೂರು ಮನೆಯಾಚೆಗೆ ಸುದ್ದಿ. ಅದಕ್ಕೇ ಇದನ್ನು ನಿನ್ನ ಆಫೀಸಿನ ವಿಳಾಸಕ್ಕೆ ಹಾಕುತ್ತಿದ್ದೇನೆ. ಓದಿ, ಡ್ರಾಯರಿನಲ್ಲಿಟ್ಟು ಬೀಗ ಹಾಕು.

ಮೊದಲು ವಿಷಯ ಹೇಳಿಬಿಡುತ್ತೇನೆ, ಏಳು ತಿಂಗಳ ಬಸುರಿಯನ್ನು ಕಾಯಿಸಬಾರದು. ಪರೀಕ್ಷೆ ಚೆನ್ನಾಗಾಯಿತು ಅಂತ ಮೊನ್ನೆ ಫೋನಿನಲ್ಲಿ ಹೇಳಿದೆನಲ್ಲ, ಅದು ಶುದ್ಧ ಸುಳ್ಳು. ನಾನು ಫೇಲು. ಬಂದ ಹದಿನೈದು ದಿನದೊಳಗೆ ನಡೆಯುವ ಈ ಪರೀಕ್ಷೆಯಲ್ಲಿ ಪಾಸಾದವರಿಗೆ ಮಾತ್ರ ಇಲ್ಲಿಯ ಹೆರಿಗೆ ಶುಶ್ರೂಷೆಯ ಕೋರ್ಸಿನಲ್ಲಿ ಸೀಟು ಗಟ್ಟಿ. ಆಗದವರು ಬಂದ ದಾರಿ ಹಿಡಿಯಬೇಕು. ಬುಧವಾರ ಇನ್ನೊಂದೇ ಒಂದು ಅವಕಾಶ ಕೊಟ್ಟಿದ್ದಾರೆ. ಅದೂ ಕೈಕೊಟ್ಟರೆ ನಿಮ್ಮಪ್ಪ ಗೆದ್ದ ಹಾಗೆ. ಹೊರಡುವ ದಿನ ಏನಂದರು, ನೆನಪಿದೆಯಲ್ಲ? "ನಲವತ್ತೊಂಬತ್ತಕ್ಕೆ ಬ್ಯಾಗ್ ನೇತು ಹಾಕ್ಕೊಂಡು ಕಾಲೇಜಿಗಾ? ಹೋಗು ಹೋಗು. ಹದಿನೈದು ದಿನಕ್ಕೆ ವಾಪಸ್ ಬರ್ತೀಯ, ನಿನ್ನ ಸೀಟಿಗೆ ಟವಲ್ ಹಾಕಿಟ್ಟಿರ್ತೀನಿ."

ಇಪ್ಪತ್ತನಾಲ್ಕು ವರ್ಷ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು, ಹೆರಿಗೆ ಪರೀಕ್ಷೆಯಲ್ಲೇ ಫೇಲಾಗಿದ್ದು ಹೇಗೆ ಅಂತ ನೀನು ಕೇಳುತ್ತೀಯ. ಹೇಳುತ್ತೇನೆ, ಆದರೆ ಅದಕ್ಕೆ ಮೊದಲು ಇಲ್ಲಿಯ ಪರಿಸ್ಥಿತಿ ನಿನಗೆ ತಿಳಿಯಬೇಕು. ಈ ಪರದೇಶದಲ್ಲಿ ಇಳಿದ ಗಳಿಗೆಯಿಂದ ನಾನು ಯಾರು ಅನ್ನುವುದು ಯಾರಿಗೂ ಅರ್ಥವಾಗಿಲ್ಲ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆಯಿಂದ ಮಗುವಿನ ಎದೆಬಡಿತ ಕೇಳುವ ಕೊಳವೆಯನ್ನು ತೆಗೆದು, ಹಿಂದೆ ಮುಂದೆ ತಿರುಗಿಸಿ, ಇದೇನು ಅಂತ ಕೇಳಿದ. ಬಾಯಲ್ಲಿ ವಿವರಿಸಿದರೆ ತಿಳಿಯಲಿಲ್ಲ. ಸರಿ ಅಂತ ಅವನ ಹೊಟ್ಟೆಗೇ ಇಟ್ಟು, ಬಗ್ಗಿ, ಕಿವಿಗೊಟ್ಟು ತೋರಿಸಿದೆ. ಒಳಗೆ ಹಸಿವು ಬಿಟ್ಟು ಬೇರೇನೂ ಕೇಳಿಸಲಿಲ್ಲ, ಹಾಗಂತ ಅವನಿಗೂ ಹೇಳಿದೆ. ಪಾಪ, ಕಿವಿಯೆಲ್ಲ ಕೆಂಪಾಗಿ, ಪೆಟ್ಟಿಗೆಯ ಉಳಿದ ಸಾಮಾನು ನೋಡದೆಯೇ ಕಳಿಸಿಬಿಟ್ಟ.

ಕಾಲೇಜಿನಲ್ಲಿ ಹೆಸರು ಬರೆಸಲು ಸಾಲಿನಲ್ಲಿ ನಿಂತರೆ, ಮೇಜಿನ ಹಿಂದಿದ್ದ ಗುಮಾಸ್ತೆ ತಲೆಯೆತ್ತದೆ "ಪೋಷಕರು ಆ ಕಡೆ ಕೂತ್ಕೊಳ್ಳಿ" ಅಂದಳು. ಹೇಳಿದವರ ಮಾತು ಕೇಳಿ ಅಭ್ಯಾಸ, ಹೋಗಿ ಕೂತೆ. ಅರ್ಧ ಗಂಟೆ ಪೋಷಕರ ಜೊತೆ ಬಿಸ್ಕತ್ತು ತಿಂದು, ಅವರ ಮಕ್ಕಳ ಅಂಕಗಳನ್ನೆಲ್ಲ ಕೇಳಿಕೊಂಡೆ. ಕೊನೆಗೆ ನಿಮ್ಮ ಮಗು ಯಾವುದು ಅಂತ ಒಬ್ಬಾಕೆ ಕೇಳಿದಾಗಲೇ ನನಗೆ ಎಚ್ಚರವಾಗಿದ್ದು.

ರೂಮಿನಲ್ಲಿ ಜೊತೆಗಾತಿ ಒಬ್ಬಳಿದ್ದಾಳೆ, ಇಪ್ಪತ್ತೆರಡರ ಹುಡುಗಿ. ನನ್ನನ್ನು ನೋಡಿದವಳೇ ವಾರ್ಡನ್ ತಪಾಸಣೆಗೆ ಬಂದಳು ಅಂದುಕೊಂಡು, ನೆಲದ ಮೇಲಿದ್ದ ಬಟ್ಟೆಯನ್ನೆಲ್ಲ ಕಾಲಿನಲ್ಲೇ ಮಂಚದಡಿಗೆ ತಳ್ಳಿದಳು. ನಾನೂ ವಿದ್ಯಾರ್ಥಿನಿ ಅಂದ ಮೇಲೆ ಅವೇ ಬಟ್ಟೆಗಳು ಮಂಚದಡಿಯಿಂದ ಹೊರಗೆ ಬಂದವು, ಇನ್ನೂ ಅಲ್ಲೇ ಇವೆ. ಒಳ್ಳೆಯ ಹುಡುಗಿ. ಮೂರನೇ ದಿನಕ್ಕೆ ತನ್ನ ಹೊಟ್ಟೆನೋವು, ತನ್ನ ಗೆಳತಿಯರ ಹೊಟ್ಟೆನೋವು ಎಲ್ಲ ನನ್ನ ಮುಂದೆ ತಂದಿಟ್ಟಳು. ಈಗ ಸಂಜೆ ಐದಕ್ಕೆ ನಮ್ಮ ಬಾಗಿಲಲ್ಲಿ ಸಣ್ಣ ಓಪಿಡಿ ನಡೆಯುತ್ತದೆ.

ಇನ್ನು ಇಲ್ಲಿಯ ಬಚ್ಚಲುಮನೆಯ ದೀಪ. ಜನ ಅಲುಗಾಡದಿದ್ದರೆ ಒಳಗೆ ಯಾರೂ ಇಲ್ಲ ಅಂತ ತಾನೇ ತೀರ್ಮಾನಿಸಿ ಆರಿಹೋಗುತ್ತದೆ. ಕೂತಲ್ಲೇ ಎರಡು ನಿಮಿಷಕ್ಕೊಮ್ಮೆ ಕೈ ಬೀಸಬೇಕು, ಯಾರನ್ನೋ ಬಸ್ಸು ಹತ್ತಿಸಿ ಕಳಿಸುವವರ ಹಾಗೆ. ಇದನ್ನು ಮಾತ್ರ ನಿಮ್ಮಪ್ಪನಿಗೆ ಹೇಳು, ಖುಷಿಪಡುತ್ತಾರೆ.

ಹೂಂ, ಪರೀಕ್ಷೆಗೆ ಬರುತ್ತೇನೆ. ಎಷ್ಟು ಅಂತ ತಪ್ಪಿಸಿಕೊಳ್ಳಲಿ?

ಇಲ್ಲಿ ಪರೀಕ್ಷೆ ಅಂದರೆ ಕಾಗದ ಪೆನ್ನಲ್ಲ. ಆಸ್ಪತ್ರೆಯ ಕೋಣೆಯ ಹಾಗೇ ಒಂದು ಕೋಣೆ, ಮಂಚದ ಮೇಲೆ ತುಂಬು ಬಸುರಿ ಗೊಂಬೆ. ನಮ್ಮ ನಿಮ್ಮಷ್ಟೇ ದೊಡ್ಡದು. ಅದರ ಹೊಟ್ಟೆ ಬಿಗಿಯುತ್ತದೆ, ಎದೆ ಏರಿಳಿಯುತ್ತದೆ. ಪಕ್ಕದ ಕೋಣೆಯಲ್ಲಿ ಗಾಜಿನ ಹಿಂದೆ ಒಬ್ಬಳು ಮೈಕ್ ಹಿಡಿದು ಕೂತು ಅದರ ಪರವಾಗಿ ನರಳುತ್ತಾಳೆ. ನಾವು ಒಳಗೆ ಹೋಗಿ ಹೆರಿಗೆ ಮಾಡಿಸಬೇಕು. ನಾನು ಬಾಗಿಲು ತೆಗೆದಾಗ ಮಂಚದ ಪಕ್ಕ ಒಬ್ಬ ಗಂಡಸು ಗೊಂಬೆಯ ಕೈ ಹಿಡಿದು ಕೂತಿದ್ದ. ಮೂಲೆಯಲ್ಲಿ ಸಾದಾ ಸ್ವೆಟರ್ ಹಾಕಿದ, ತಲೆ ನರೆತ ಹೆಂಗಸೊಬ್ಬಳು ಕೈಯಲ್ಲಿ ಏನೋ ಕಾಗದ ಹಿಡಿದು ನಿಂತಿದ್ದಳು. ಗಂಡ ಮತ್ತು ಅತ್ತೆ, ನನಗೆ ಸಂಶಯವೇ ಬರಲಿಲ್ಲ.

ನಮ್ಮ ವಾರ್ಡಿನಲ್ಲಿ ಮೊದಲ ಕೆಲಸ ಯಾವುದು? ನಿನಗೇ ಗೊತ್ತು, ಚಿಕ್ಕವಳಿದ್ದಾಗ ಎಷ್ಟು ಸಲ ಬೆಂಚಿನ ಮೇಲೆ ಕೂತು ನೋಡಿದ್ದೀಯ. ಗೊಂಬೆ ನರಳಿತೋ ಇಲ್ಲವೋ, ನನ್ನ ಬಾಯಿ ತಾನಾಗಿ ತೆರೆಯಿತು. ಅದೂ ಕನ್ನಡದಲ್ಲೇ. "ಏಳಿ ಏಳಿ, ಜಾಗ ಖಾಲಿ ಮಾಡಿ. ಇಲ್ಲೇನು ಸಿನಿಮಾ ನಡೀತಿದೆಯಾ? ನಾನು ಕರೆಯೋವರೆಗೂ ಒಳಗೆ ಕಾಲಿಡಬಾರದು." ಗಂಡನನ್ನು ತೋಳು ಹಿಡಿದು ಎಬ್ಬಿಸಿದೆ. ಅತ್ತೆ ಸ್ವಲ್ಪ ಹಟ ಮಾಡಿದಳು, ಕಾಗದ ತೋರಿಸಿ ಏನೋ ಹೇಳಲು ಬಂದಳು. ಚೀಟಿಯೆಲ್ಲ ಆಮೇಲೆ ಕೌಂಟರಿನಲ್ಲಿ ಕೊಡಿ ಅಂದು, ಬೆನ್ನಿಗೆ ಕೈಯಿಟ್ಟು ಹೊರಗೆ ದಾಟಿಸಿ ಚಿಲಕ ಹಾಕಿದೆ.

ಗುಂಡಮ್ಮಾ, ಆ ಹೆರಿಗೆ ಎಷ್ಟು ಸಲೀಸಾಗಿ ಆಯಿತು ಅಂತೀಯ! ಒಂದು ಮಾತಿಲ್ಲ, ಒಂದು ಹೆಜ್ಜೆ ಹೆಚ್ಚಿಲ್ಲ. ಮಗುವಿನ ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿಕೊಂಡಿತ್ತು, ಬಿಡಿಸಿದೆ. ಮಾಸು ಪೂರ್ತಿ ಬಂತು. ರಕ್ತ ಜಾಸ್ತಿ ಹೋಗುವ ಹಾಗೆ ಮಾಡಿದ್ದರು, ಅದನ್ನೂ ನಿಲ್ಲಿಸಿದೆ. ನಡುವೆ ಗೊಂಬೆ ಅತಿಯಾಗಿ ಕೂಗಿದಾಗ "ಕೂಗೋ ಶಕ್ತೀನ ಮುಕ್ಕೋದಕ್ಕೆ ಹಾಕು" ಅಂತ ಗದರಿದ್ದು ನಿಜ. ಮೈಕಿನವಳು ತಟ್ಟನೆ ಸುಮ್ಮನಾದಳು. ಕೈ ತೊಳೆದು, ಬಾಗಿಲು ತೆಗೆದು, ಹೊರಗಿದ್ದ ಅತ್ತೆಗೆ ಗಂಡುಮಗು, ಮೂರು ಕೆಜಿ, ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ ಅಂತ ನಗುನಗುತ್ತಾ ಹೇಳಿದೆ.

ಅವರು ಅತ್ತೆಯಲ್ಲ. ಪರೀಕ್ಷೆ ಮಾಡುವ ಪ್ರೊಫೆಸರು. ಆ ಕಾಗದ ನನ್ನ ಅಂಕಪಟ್ಟಿ.

ಸಂಜೆ ತಮ್ಮ ಕೋಣೆಗೆ ಕರೆಸಿಕೊಂಡರು. ಬೈಯಲಿಲ್ಲ, ಬೈದಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಕೈಕೆಲಸ ಗಾಜಿನ ಹಿಂದಿನವಳು ನೋಡಿದ್ದಾಳೆ, ಅಂಥ ಕೈ ತಾನು ಕಂಡಿಲ್ಲ ಅಂದಳು, ಅದಕ್ಕೆ ಪೂರ್ತಿ ಅಂಕ ಅಂದರು. ಆದರೆ ಉಳಿದರ್ಧ ಅಂಕ ಬೇರೆಯದಕ್ಕಂತೆ. ಹೆರುವವಳ ಜೊತೆಯವರನ್ನು ಜೊತೆಯಲ್ಲೇ ಇರಿಸಿಕೊಂಡೆಯಾ? ಮುಟ್ಟುವ ಮೊದಲು ಅವಳನ್ನು ಕೇಳಿದೆಯಾ? ಏನು ಮಾಡುತ್ತಿದ್ದೇನೆಂದು ಅವಳಿಗೆ ಹೇಳಿದೆಯಾ? ಅಲ್ಲೆಲ್ಲ ನನಗೆ ಸೊನ್ನೆ. ನಮ್ಮಲ್ಲಿ ಒಂದು ಕೋಣೆಗೆ ಆರು ಮಂಚ ಮೇಡಂ, ಗಂಡಂದಿರನ್ನೆಲ್ಲ ಒಳಗೆ ಬಿಟ್ಟರೆ ಬಸುರಿಯರು ಎಲ್ಲಿ ಮಲಗುವುದು ಅಂತ ನಾನೂ ಬಿಡಲಿಲ್ಲ. ಅವರು ಒಪ್ಪಿದರು. ಒಪ್ಪಿ, ಈ ಕೋಣೆಯಲ್ಲಿ ಎಷ್ಟು ಮಂಚ ಇತ್ತು ಅಂತ ಕೇಳಿದರು. ಒಂದೇ ಇತ್ತು.

ಈಗ ನಿಜವಾಗಿ ಹೇಳಬೇಕಾದ್ದಕ್ಕೆ ಬಂದೆ. ಪ್ರೊಫೆಸರು ನನ್ನ ಅರ್ಜಿಯಲ್ಲಿ ನಿನ್ನ ವಿಷಯ ಓದಿದ್ದರು. ಮೇಜಿನ ಮೇಲೆ ಎರಡು ಕಾಗದ ಇಟ್ಟರು. ಒಂದು ಮರುಪರೀಕ್ಷೆಗೆ. ಇನ್ನೊಂದರಲ್ಲಿ ಸಹಿ ಹಾಕಿದರೆ, ಮನೆಯ ಕಾರಣಕ್ಕೆ ನಾನೇ ಓದು ಬಿಟ್ಟೆ ಅಂತಾಗುತ್ತದೆ. ಫೇಲು ಅನ್ನುವ ಮಾತು ಎಲ್ಲೂ ಬರುವುದಿಲ್ಲ. ನವೆಂಬರಿಗೆ ನಿನ್ನ ದಿನ ತುಂಬುವ ಹೊತ್ತಿಗೆ ನಾನು ನಿನ್ನ ತಲೆಯ ಹತ್ತಿರ ಇರುತ್ತಿದ್ದೆ. ಮಗಳ ಬಾಣಂತನಕ್ಕೆ ಓದನ್ನೇ ಬಿಟ್ಟು ಬಂದಳಲ್ಲ, ಎಂಥಾ ತಾಯಿ ಅಂತ ಊರೆಲ್ಲ ಹೊಗಳುತ್ತಿತ್ತು. ಸುಳ್ಳು ಹೇಳಲಾರೆ, ಪೆನ್ನು ಎರಡನೇ ಕಾಗದದ ಮೇಲೇ ಬಹಳ ಹೊತ್ತು ನಿಂತಿತ್ತು.

ಕೊನೆಗೆ ಮೊದಲನೆಯದಕ್ಕೆ ಸಹಿ ಹಾಕಿದೆ.

ನೀನು ಬೇಡವಾಗಿ ಅಲ್ಲ, ಚಿನ್ನಾ. ಟ್ರೈನಿಂಗು ಮುಗಿದ ಮೇಲೆ ನಾನು ಪುಸ್ತಕ ಹಿಡಿದಿದ್ದು ನಿನಗೆ ಪಾಠ ಹೇಳಿಕೊಡಲು ಮಾತ್ರ. ಇಲ್ಲಿ ಮೊದಲ ದಿನ ತರಗತಿಯಲ್ಲಿ ಕೂತಾಗ ಅಳುವೇ ಬಂತು. ನನಗೆ ಈ ಓದು ಬೇಕು. ಇಷ್ಟು ವರ್ಷದಲ್ಲಿ ಬೇಕು ಅಂತ ಬಾಯಿಬಿಟ್ಟು ನಾನು ಹೇಳಿದ್ದು ಇದೊಂದೇ. ನಿನಗೆ ಕೋಪ ಬಂದರೆ ಬರಲಿ, ಅದು ನ್ಯಾಯವೇ.

ಬುಧವಾರಕ್ಕೆ ಭರ್ಜರಿ ತಯಾರಿ ನಡೆದಿದೆ. ರೂಮಿನ ಹುಡುಗಿ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮಲಗುತ್ತಾಳೆ, ಪಕ್ಕದ ರೂಮಿನವಳು ಗಂಡನಾಗಿ ಕೂರುತ್ತಾಳೆ. "ಅಮ್ಮಾ, ಈಗ ನಿಮ್ಮ ಹೊಟ್ಟೆ ಮುಟ್ಟಲಾ?" ಅಂತ ನಾನು ಕೇಳಬೇಕು. ನಿನ್ನೆ ನಾಲ್ಕು ಸಲ ಕೇಳದೆಯೇ ಮುಟ್ಟಿದೆ, ಎರಡು ಸಲ ಗಂಡನನ್ನು ಆಚೆಗೆ ಅಟ್ಟಿದೆ. ಆ ಹುಡುಗಿ ಎದ್ದು ಕೂತು, ದಿಂಬು ಸರಿಮಾಡಿಕೊಂಡು, "ಆಂಟಿ, ನೀವು ಕೇಳೋದಲ್ಲ, ಆರ್ಡರ್ ಮಾಡ್ತಿದ್ದೀರ" ಅಂತಾಳೆ. ಊಟಕ್ಕೆ ಕರೆಯುತ್ತಿದ್ದಾರೆ, ಮಿಕ್ಕಿದ್ದು ಫಲಿತಾಂಶ ಬಂದ ಮೇಲೆ.

ಗುರುವಾರ, ಸಂಜೆ

ನಿನ್ನೆ ಪರೀಕ್ಷೆ ಮುಗಿಯಿತು. ಅದೇ ಕೋಣೆ, ಅದೇ ಗೊಂಬೆ, ಗಂಡನ ಪಾತ್ರಕ್ಕೂ ಅದೇ ಮನುಷ್ಯ. ನನ್ನನ್ನು ಕಂಡದ್ದೇ ತಡ, ಪಾಪ, ತಾನಾಗೇ ಎದ್ದು ಬಾಗಿಲ ಕಡೆ ನಡೆದ. ಕೈ ಹಿಡಿದು ವಾಪಸು ಕರೆತಂದು ಕೂರಿಸಿದೆ. ಪ್ರೊಫೆಸರು ಈ ಸಲ ಬಿಳಿ ಕೋಟು ಹಾಕಿ, ಎದೆಗೆ ಅಂಗೈಯಗಲದ ಬಿಲ್ಲೆ ಚುಚ್ಚಿಕೊಂಡು, ಕಿಟಕಿಗೆ ಆತುಕೊಂಡು ನಿಂತಿದ್ದರು.

ಗಂಡನಿಗೆ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು. ನಿಮಿಷಕ್ಕೊಂದು ಪ್ರಶ್ನೆ. ಯಾಕೆ ಕೂಗ್ತಿದ್ದಾಳೆ, ಇನ್ನೆಷ್ಟು ಹೊತ್ತು, ಆ ಕತ್ತರಿ ಯಾಕೆ. ನನ್ನ ನಾಲಿಗೆ ತುದಿಯಲ್ಲಿ ಬಂದ ಮಾತುಗಳನ್ನು ನಾನು ಹೇಗೆ ನುಂಗಿದೆ ಅಂತ ನನಗೇ ಗೊತ್ತು. ಒಂದೊಂದಕ್ಕೂ ಉತ್ತರ ಹೇಳಿದೆ. ಗೊಂಬೆಯನ್ನು ಕೇಳಿಯೇ ಮುಟ್ಟಿದೆ. ಅದು ಹೂಂ ಅನ್ನುವವರೆಗೂ ಕೈ ಗಾಳಿಯಲ್ಲಿ ಹಿಡಿದು ಕಾದೆ, ಬಸ್ಸಿಗೆ ಕಾದ ಹಾಗೆ. ರಕ್ತ ಹರಿಯಲು ಶುರುವಾದಾಗ ಗಂಡ ಗಾಬರಿಯಾಗಿ ಎದ್ದ. ನಾನು 'ಹೊರಗೆ ಹೋಗಿ' ಅನ್ನುವುದರಲ್ಲಿದ್ದೆ, ಬಾಯಿ ಅದಕ್ಕೇ ತೆರೆದಿತ್ತು. ಆದರೆ ಬಂದ ಮಾತು ಬೇರೆ. "ಇಲ್ಲೇ ಇರಿ. ಅವಳ ಕಿವಿ ಹತ್ರ ಮಾತಾಡ್ತಾ ಇರಿ. ನನ್ನ ಧ್ವನಿ ಅವಳಿಗೆ ಹೊಸದು, ನಿಮ್ಮದು ಗೊತ್ತು" ಅಂದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಆ ಉಳಿದರ್ಧದಲ್ಲಿ ನೂರಕ್ಕೆ ಅರವತ್ತೆರಡು ಅಂಕ ಬಂದಿದೆ. ಅರವತ್ತಕ್ಕೆ ಪಾಸು. ಷರಾದಲ್ಲಿ ಧ್ವನಿ ಇನ್ನೂ ಪೊಲೀಸರದು ಅಂತ ಬರೆದಿದ್ದಾರೆ. ರೂಮಿನ ಹುಡುಗಿ ನನ್ನನ್ನು ಎತ್ತಿ ಸುತ್ತಿಸಲು ಹೋಗಿ, ಆಗದೆ, ಇಬ್ಬರೂ ಮಂಚದ ಮೇಲೆ ಬಿದ್ದೆವು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಅವಳು ಹಾಲು ತರಲು ಹೋದಾಗ ಒಬ್ಬಳೇ ಕೂತು ಚೆನ್ನಾಗಿ ಅತ್ತೆ.

ಯಾಕೆಂದರೆ ಇದರ ಅರ್ಥ ನವೆಂಬರಿನಲ್ಲಿ ನಾನು ಬರುವುದಿಲ್ಲ. ನಾಲ್ಕು ಸಾವಿರಕ್ಕೂ ಹೆಚ್ಚು ಕೂಸುಗಳನ್ನು ಈ ಕೈಯಲ್ಲಿ ಹಿಡಿದಿದ್ದೇನೆ, ನಿನ್ನದನ್ನು ಬೇರೆಯವರು ಹಿಡಿಯುತ್ತಾರೆ. ನಿಮ್ಮಪ್ಪನಿಗೆ ಪಾಸಾದ ಸುದ್ದಿ ಮಾತ್ರ ಹೇಳು, ಟವಲ್ ತೆಗೆದು ಒಗೆಯಲು ಹಾಕಲಿ. ಹಾಗೇ ಹೆರಿಗೆಯ ದಿನ ಅವರನ್ನು ವರಾಂಡದಲ್ಲಿ ಕೂರಿಸಿ ಕೈಗೆ ನೀರಿನ ಬಾಟಲಿ ಕೊಡಿ. ತರಕಾರಿ ಹೆಚ್ಚುವಾಗ ಬೆರಳು ಕೊಯ್ದುಕೊಂಡರೇ ತಲೆ ಸುತ್ತಿ ಬೀಳುವವರು. ನೀನು ದಿನಾ ಸಂಜೆ ನಡೆ, ಎಡ ಮಗ್ಗುಲಿಗೆ ಮಲಗು, ಆಫೀಸಿನಲ್ಲಿ ಕಾಲು ಇಳಿಬಿಟ್ಟು ಕೂರಬೇಡ. ಬಯ್ಯಬೇಕು ಅನಿಸಿದರೆ ಉದ್ದವಾಗಿ ಬಯ್ದು ಬರೆ, ಎಲ್ಲಾ ಓದುತ್ತೇನೆ.

ಇಂತಿ ನಿನ್ನ,
ಅರವತ್ತೆರಡು ಅಂಕದ ಅಮ್ಮ

ವಿ.ಸೂ.: ನಮ್ಮ ವಾರ್ಡಿನ ಹೆಡ್ ಸಿಸ್ಟರಿಗೂ ಇವತ್ತೇ ಒಂದು ಕಾಗದ ಹಾಕಿದ್ದೇನೆ. ನನ್ನ ಮಗಳನ್ನು ಕೇಳದೆ ಮುಟ್ಟಬೇಡ, ಅಳಿಯಂದಿರನ್ನು ಹೊರಗೆ ಕಳಿಸಬೇಡ ಅಂತ. ಓದಿ ನಗುತ್ತಾಳೆ, ಜನರನ್ನು ಅಟ್ಟುವುದನ್ನು ಅವಳಿಗೆ ಕಲಿಸಿದವಳೇ ನಾನು. ಇನ್ನೊಂದು ಮಾತಿದೆ, ಇದು ನಿಮ್ಮಪ್ಪನಿಗೂ ಗೊತ್ತಿಲ್ಲ. ನೀನು ಹುಟ್ಟಿದ ದಿನ ನಿಮ್ಮಜ್ಜಿಯನ್ನು, ನನ್ನಮ್ಮನನ್ನು, ಹೊರಗೆ ಕಳಿಸಿದ್ದು ಡಾಕ್ಟರಲ್ಲ. ನಾನು ಆಗಿನ್ನೂ ಟ್ರೈನಿಂಗಿನ ಹುಡುಗಿ, ಎಲ್ಲಾ ಬಲ್ಲವಳು. ರೂಲ್ಸು ಅಂದರೆ ರೂಲ್ಸು, ನೀನು ಹೊರಗಿರಮ್ಮ ಅಂತ ನಾನೇ ಕಳಿಸಿದೆ. ಒಂಬತ್ತು ಗಂಟೆ ಬಾಗಿಲಾಚೆ ನಿಂತೇ ಇದ್ದಳಂತೆ. ಒಳಗೆ ನಾನು ಅಮ್ಮಾ ಅಮ್ಮಾ ಅಂತ ಕೂಗುತ್ತಿದ್ದೆ. ಅವಳಿಗೆ ಎಲ್ಲಾ ಕೇಳಿಸುತ್ತಿತ್ತು.