ಕಿಟಕಿಯಾಚೆಯ ಮೂರು ಚಮಚ

ಹಿಮವರ್ಷ ೧೬೧, ಹದಿಮೂರನೆಯ ತಿಂಗಳ ಮೂವತ್ತೆರಡನೆಯ ದಿನ
ಕಣಿವೆ ದಾರಿಯ ತಂಗುಮನೆ

ಪ್ರೀತಿಯ ವಾರಿಜಜ್ಜಿ,

ಅಜ್ಜಿ ಎನ್ನಲು ನಾಚಿಕೆ. ನಿಮಗೀಗ ನನ್ನಷ್ಟೇ ವಯಸ್ಸು. ನಾನು ನಿಮ್ಮಿಂದ ಏಳನೆಯ ತಲೆಮಾರಿನವಳು, ಶಿಶಿರಾ. ನಮ್ಮ ಕಾಲದ ಕೆಲವು ಮಾತು ನಿಮಗೆ ವಿಚಿತ್ರವೆನಿಸಬಹುದು. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡ ಅಮ್ಮನಿಂದ ಬಂದದ್ದು, ತಪ್ಪಿದ್ದರೆ ಮನ್ನಿಸಿ. ಮದುವೆಯಾದ ತಿಂಗಳೊಳಗೆ ಹೆಣ್ಣು ಹಿಂದಿನ ಕಾಲದ ತನ್ನ ಹಿರಿಯಳೊಬ್ಬಳಿಗೆ, ಆಕೆಗೂ ತನ್ನದೇ ವಯಸ್ಸು ಎಂದುಕೊಂಡು, ಪತ್ರ ಬರೆದು ಮಂಜುಗಡ್ಡೆಯಲ್ಲಿ ಹೂಳುವುದು ನಮ್ಮ ಪದ್ಧತಿ. ಅದನ್ನು ಹಿನ್ನೋಲೆ ಎನ್ನುತ್ತೇವೆ. ಅದರಲ್ಲಿ ಸುಳ್ಳು ಬರೆಯುವಂತಿಲ್ಲ.

ಮದುವೆಯಾಗಿ ಹತ್ತೊಂಬತ್ತು ದಿನವಾಯಿತು. ನನ್ನ ಗಂಡ ನೇಸರ ನಕ್ಕರೆ ಮೊದಲು ಕಿವಿ ಕೆಂಪಾಗುತ್ತದೆ, ಆಮೇಲೆ ಕೆನ್ನೆ. ಇದರ ಬಗ್ಗೆಯೇ ಹತ್ತು ಪುಟ ಬರೆಯಬಲ್ಲೆ. ಆದರೆ ಎರಡು ದಿನದಿಂದ ನಾವಿಬ್ಬರೂ ಇಲ್ಲಿ ಸಿಕ್ಕಿಬಿದ್ದಿದ್ದೇವೆ. ಬಾಗಿಲಾಚೆ ಸೊಂಟದವರೆಗೆ ಹಿಮ, ನಡೆದು ಹೋಗಲಾಗದು, ರೇಡಿಯೋ ಕಂಬ ಗಾಳಿಗೆ ಬಿದ್ದಿದೆ, ಉರುವಲು ನಾಳೆಯವರೆಗೆ ಬಂದರೆ ಹೆಚ್ಚು. ಮನೆ ಹದಿನೆಂಟು ಕಿಲೋಮೀಟರ್ ದೂರ.

ನಾವು ಬಂದದ್ದು ಹಿಮಬಂಡಿಯಲ್ಲಿ. ಮುಂದೆ ಎರಡು ಜಾರುಪಟ್ಟಿ, ಹಿಂದೆ ಹಲ್ಲಿನ ಬೆಲ್ಟು; ನೀವು ಸ್ನೋಮೊಬೈಲ್ ಎನ್ನುತ್ತಿದ್ದಿರಂತೆ. ಅದರ ಎಂಜಿನ್ ಪೆಟ್ರೋಲಿನ ಜೊತೆಗೇ ಎಣ್ಣೆಯನ್ನೂ ಉರಿಸುತ್ತದೆ. ಪುಟ್ಟ ಪಂಪೊಂದು ಟ್ಯಾಂಕಿನಿಂದ ಎಣ್ಣೆ ಹೀರಿ ಕೊಡುತ್ತಿರಬೇಕು. ಚಳಿಗೆ ಎಣ್ಣೆ ಗಟ್ಟಿಯಾದರೆ ಪಂಪ್ ಸೋಲುತ್ತದೆ, ಎಂಜಿನ್ ಒಣಗಿ ಕಚ್ಚಿಕೊಂಡು ನಿಂತೇಬಿಡುತ್ತದೆ. ಅದಕ್ಕೇ ಹೊರಡುವ ಮೊದಲು ಒಂದು ಚಮಚ ಎಣ್ಣೆಯನ್ನು ಹೊರಗಿಟ್ಟು, ಸ್ನಾನ ಮಾಡಿ ಬಂದು, ಓರೆ ಮಾಡಿ ನೋಡುತ್ತೇವೆ. ಇಳಿದರೆ ಮಾತ್ರ ಹಾಕಬೇಕು.

ಊರಿನ ಎಣ್ಣೆಕೋಣೆಯ ಕೀಲಿ ಮೂವತ್ತು ವರ್ಷದಿಂದ ನನ್ನ ಅತ್ತೆ ಚಂಪಕಮ್ಮನವರದು. ನಮಗಾಗಿ ಅವರು ತೆಗೆದಿಟ್ಟ ಎಣ್ಣೆ ತಿಳಿಸಾರಿನಂತಿತ್ತು. ಪಕ್ಕದ ಡಬ್ಬಿಯದು ತುಪ್ಪದ ಹಾಗೆ ಮಂದ, ಹೊಂಬಣ್ಣ. ಮಂದವಿದ್ದದ್ದೇ ಒಳ್ಳೆಯದೆಂದುಕೊಂಡು ಅದನ್ನೇ ಸುರಿದೆ.

"ಚಮಚ ಇಟ್ಟು ನೋಡಿದ್ಯೇನೇ?" ಎಂದರು ಅತ್ತೆ.

"ಹೂಂ ಅತ್ತೆ."

"ತಲೆಗೆ ಹಚ್ಕೊಳ್ಳೋ ಎಣ್ಣೆ ಆರಿಸೋಕೆ ಅರ್ಧ ದಿನ ಮಾಡ್ತೀಯ. ಇದು ಇಷ್ಟು ಬೇಗ ಆಗೋಯ್ತಾ?"

ನಾನು ನಕ್ಕು ಬಂಡಿ ಹತ್ತಿದೆ. ಅವರ ಪ್ರಶ್ನೆಗಿಂತ ನೇಸರನ ಬೆನ್ನು ಹತ್ತಿರವಿತ್ತು.

ಬಂಡಿ ನಿಲ್ಲಿಸುವ ಬೆಚ್ಚಗಿನ ಕೊಟ್ಟಿಗೆಯಲ್ಲಿ ಚೆನ್ನಾಗಿ ಹರಿದ ಎಣ್ಣೆ, ಕಣಿವೆಯ ಚಳಿಗೆ ಹಲ್ವಾ ಆಯಿತು. ಈ ತಂಗುಮನೆಯ ಬಳಿ, ಎಣ್ಣೆ ಬರುತ್ತಿಲ್ಲವೆಂದು ಬಂಡಿಯ ಕೆಂಪು ದೀಪ ಹೊತ್ತಿದ್ದೇ ನೇಸರ ಎಂಜಿನ್ ಆರಿಸಿದ; ಅಷ್ಟರಮಟ್ಟಿಗೆ ಅದು ಉಳಿಯಿತು. ಎರಡು ದಿನ ಟ್ಯಾಂಕು, ಕೊಳವೆ ಎಲ್ಲ ಕೆರೆದು ಅವನ ಬೆರಳು ಒಡೆದಿವೆ.

"ಅಮ್ಮಂಗೆ ಕಣ್ಣು ಮಂಜಾಗಿದೆ ಕಣೇ. ಬೇಸಿಗೆ ಎಣ್ಣೆ ತೆಗೆದಿಟ್ಟಿದಾಳೆ. ಹೋದ ತಕ್ಷಣ ಕೀಲಿ ಇಸ್ಕೊಂಡು ನಿನ್ ಕೈಗೆ ಕೊಡಿಸ್ತೀನಿ," ಎಂದ ನಿನ್ನೆ. ನಾನು ಒಲೆಗೆ ಕಟ್ಟಿಗೆ ಒಡ್ಡಿದೆ. ಹಿಮಕ್ಕಿಂತ ಆ ಕೀಲಿಯೇ ನನ್ನನ್ನು ಹೆಚ್ಚು ಬಿಗಿದಿದೆ.

ಇಲ್ಲಿನ ಕಪಾಟಿನಲ್ಲಿ ಯಾರೋ ಬಿಟ್ಟುಹೋದ ಮೂರು ಡಬ್ಬಿಗಳಿವೆ. ಮೇಲಿನ ಅಕ್ಷರ ಅಳಿಸಿದೆ. ತಪ್ಪಾದದ್ದನ್ನು ಹಾಕಿದರೆ ಈ ಸಲ ಎಂಜಿನ್ ಉಳಿಯುವುದಿಲ್ಲ. ಮೂರು ಚಮಚ ಕಿಟಕಿಯಾಚೆ ಇಟ್ಟು, ಕಾಯುತ್ತ ಇಷ್ಟು ಬರೆದೆ.

ಈಗಷ್ಟೇ ನೋಡಿ ಬಂದೆವು. ಮೊದಲನೆಯದು ಉಂಡೆಯಾಗಿ ನಿಂತಿತ್ತು. ಎರಡನೆಯದು ನೀರಿನಂತೆ ಓಡಿತು. ನೇಸರ ಬೆರಳಲ್ಲಿ ತಿಕ್ಕಿದ, ಜಿಡ್ಡೇ ಇಲ್ಲ. ಮೂರನೆಯದು ಎಳೆಯಾಗಿ ಇಳಿಯಿತು, ಚಮಚದ ಮೇಲೆ ಹೊಳಪು ಉಳಿಯಿತು.

"ಇದೇ," ಎಂದ. "ಹರೀಲೂ ಬೇಕು, ಅಂಟ್ಕೊಳ್ಳಲೂ ಬೇಕು."

ಆಗ ಹೇಳಿಬಿಟ್ಟೆ. ಡಬ್ಬಿ ಬದಲಿಸಿದ್ದು ನಾನು, ಚಮಚ ಇಡಲೇ ಇಲ್ಲ ಎಂದು. ಅವನ ಕಿವಿ ಕೆಂಪಾಗಲಿಲ್ಲ. ಒಡೆದ ತನ್ನ ಬೆರಳುಗಳನ್ನು ನೋಡಿಕೊಂಡ.

"ಅಮ್ಮಂಗೆ ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿ ನಿಲ್ಲೋದಿಲ್ಲ." ಡಬ್ಬಿಯನ್ನು ನನ್ನ ಕೈಗಿತ್ತ. "ಸುರಿ. ಚೆಲ್ಬೇಡ."

ಚಾಲನೆಯ ಹಗ್ಗದ ಮೂರನೆಯ ಎಳೆತಕ್ಕೆ ಎಂಜಿನ್ ಶುರುವಾಯಿತು.

ವಾರಿಜಜ್ಜಿ, ಮಾಗಿಯಲ್ಲಿ ನಿಮ್ಮ ತೆಂಗಿನೆಣ್ಣೆ ಬಾಟಲಿ ಗಟ್ಟಿಯಾದಾಗ ನನ್ನನ್ನು ನೆನೆಯಿರಿ. ಎಣ್ಣೆಯನ್ನು ಬಣ್ಣ ನೋಡಿ ಆರಿಸಬೇಡಿ, ಅದು ಹೋಗುವ ಜಾಗದ ಚಳಿ ನೋಡಿ ಆರಿಸಿ. ಅತ್ತೆ ಕೇಳಿದಾಗ 'ಇಲ್ಲ' ಎಂದಿದ್ದರೆ ಸ್ನಾನದಷ್ಟು ಹೊತ್ತು ತಡವಾಗುತ್ತಿತ್ತು, ಅಷ್ಟೆ. ಈಗ ಹದಿನೆಂಟು ಕಿಲೋಮೀಟರ್ ದಾರಿಯುದ್ದಕ್ಕೂ ಅವನ ಬೆನ್ನ ಹಿಂದೆ ಕೂತು ಒಂದೇ ಮಾತನ್ನು ಅಭ್ಯಾಸ ಮಾಡಬೇಕು: ಅತ್ತೆ, ಕೀಲಿ ನಿಮ್ಮ ಹತ್ತಿರವೇ ಇರಲಿ.

ನಿಮ್ಮ
ಶಿಶಿರಾ