ನೌಕಾನೆಲೆಯ ಗೇಟು ದಾಟಿದ ಅವ್ವ

ಪ್ರೀತಿಯ ಅಣ್ಣ,

ಅವ್ವನೂ ನಾನೂ ಸುಖವಾಗಿ ತಲುಪಿದೆವು. ಅಪ್ಪ ಕೆಲಸಕ್ಕಿದ್ದ ನೌಕಾನೆಲೆ ಈಗಿಲ್ಲ. ಆ ಜಾಗದಲ್ಲಿ ಕಡಲಂಚಿಗೆ ಮನೆ, ಅಂಗಡಿ, ಹೋಟೆಲುಗಳ ಬಡಾವಣೆ ಎದ್ದಿದೆ. ಅಪ್ಪನ ದೋಣಿ ಮುಳುಗಿ ಹೆಣವೂ ಸಿಗದಾಗ ಅವ್ವನನ್ನು ಗೇಟಿನಲ್ಲೇ ನಿಲ್ಲಿಸಿದ್ದರಲ್ಲ, ಇಂದು ಅಲ್ಲಿ ಯಾರೂ ತಡೆಯಲಿಲ್ಲ. ಐಸ್‌ಕ್ರೀಮ್ ತಿನ್ನುತ್ತಿದ್ದ ಜನರ ನಡುವೆ ಹಾದು ಅವ್ವ ಮೆಟ್ಟಿಲಿಳಿದಳು. ಊರಿಂದ ತಂದಿದ್ದ ರೊಟ್ಟಿ ಮುರಿದು ನೀರಿಗೆ ಬಿಟ್ಟಳು.

"ನೀರು ಇಷ್ಟ್ ಹತ್ರ ಐತೆ ಅಂತ ಅವತ್ತು ಯಾರೂ ಹೇಳ್ಲಿಲ್ಲ," ಎಂದಳು. ಅಳಲಿಲ್ಲ.

ಅವಳ ಕಾಲು ಊದಿದೆ, ಮಾತ್ರೆ ಕೊಟ್ಟಿದ್ದೇನೆ. ಮುಂದಿನ ವಾರ ಹರಿಹರಕ್ಕೆ ಬರುತ್ತೇವೆ. "ನಿಮ್ಮಪ್ಪನ ಫೋಟೋಕ್ಕೆ ಹಾರ ಹಾಕ್ಸು ಅಂತ ಬರಿ," ಅಂದಿದ್ದಾಳೆ. ಇಷ್ಟು ವರ್ಷ ಬ್ಯಾಡ ಅಂದವಳು ತಾನಾಗಿ ಹೇಳಿದ್ದು. ನಾವು ಬರುವಷ್ಟರಲ್ಲಿ ಹಾಕಿಸಿರು.

ನಿನ್ನ ತಂಗಿ
ಸುಮಾ